ಬಾಯಿಗೆ ಬರುವ ಪ್ರಬಂಧ ಹಾಳೆಗೂ ಬರಲಿ: ಕಲಿಕಾ ತೊಂದರೆ ಇರುವ ಮಕ್ಕಳಿಗೆ ಕಂಪ್ಯೂಟರಿನ ನೆರವು

ನಾನು ಬಸವನಗುಡಿಯಲ್ಲಿ ಮಧ್ಯಾಹ್ನದ ಮೇಲೆ ಕಲಿಕಾ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಚ್ಚಿನವರು ಏಳರಿಂದ ಹತ್ತನೇ ತರಗತಿಯವರು. ಡಿಸ್‌ಲೆಕ್ಸಿಯಾ (ಓದುವುದರಲ್ಲಿ ತೊಡಕು), ಡಿಸ್‌ಗ್ರಾಫಿಯಾ (ಬರೆಯುವುದರಲ್ಲಿ ತೊಡಕು) ಎಂದು ಬರೆದ ವರದಿ ಹಿಡಿದುಕೊಂಡು ಬರುತ್ತಾರೆ. ಅಪ್ಪ ಅಮ್ಮ ಮೊದಲು ಕೇಳುವುದು, "ಯಾವ ಆ್ಯಪ್ ಹಾಕಿಸೋದು ಮೇಡಂ?" ಅಂತ.

ಆ್ಯಪ್ ಆಮೇಲೆ. ಮೊದಲು ಮಗು ಎಲ್ಲಿ ಸಿಕ್ಕಿಕೊಳ್ಳುತ್ತಿದೆ ನೋಡಿ. ಒಂದು ಪ್ರಬಂಧ ಬರೆಯುವಾಗ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಏನು ಹೇಳಬೇಕು ಅಂತ ಯೋಚಿಸುವುದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸುವುದು. ಅಕ್ಷರ, ಒತ್ತು, ದೀರ್ಘ ಸರಿಯಾಗಿ ಹಾಕುವುದು. ನಮ್ಮ ಮಕ್ಕಳಿಗೆ ಮೂರನೆಯದೇ ಎಷ್ಟು ಸುಸ್ತು ಮಾಡಿಸುತ್ತದೆ ಅಂದರೆ, ಮೊದಲ ಎರಡಕ್ಕೆ ತಲೆಯಲ್ಲಿ ಜಾಗವೇ ಉಳಿಯುವುದಿಲ್ಲ. "ಧ" ಬರೆಯಬೇಕೋ "ದ" ಬರೆಯಬೇಕೋ ಅಂತ ನಿಂತ ಮಗು, ಹೇಳಬೇಕಿದ್ದ ಮಾತನ್ನೇ ಮರೆತುಬಿಡುತ್ತದೆ. ಆದ್ದರಿಂದ ಈ ಮೂರನ್ನು ಬಿಡಿಸಿ, ಒಂದೊಂದಾಗಿ ಮಾಡಿಸಬೇಕು. ಸಾಫ್ಟ್‌ವೇರ್ ಬೇಕಾಗಿರುವುದು ಇದಕ್ಕೇ.

ಇನ್‌ಸ್ಪಿರೇಷನ್, ಕೋರೈಟರ್ ತರಹದ ಹೆಸರುಗಳನ್ನು ನೀವು ಕೇಳಿರಬಹುದು. ಮೊದಲನೆಯದು ವಿಚಾರಗಳನ್ನು ಚಿತ್ರದ ಹಾಗೆ ಹರಡಿ ತೋರಿಸುತ್ತದೆ. ಎರಡನೆಯದು ಮುಂದಿನ ಪದವನ್ನು ಊಹಿಸಿ ಮುಂದಿಡುತ್ತದೆ. ಇವನ್ನು ಕಟ್ಟಿದ್ದು ಇಂಗ್ಲಿಷ್ ಬರಹವನ್ನು ಮನಸ್ಸಿನಲ್ಲಿಟ್ಟುಕೊಂಡು, ದುಡ್ಡೂ ಕೊಡಬೇಕು. ಕನ್ನಡದಲ್ಲಿ ಬರೆಯುವ ಮಗುವಿಗೆ ನಾನು ಉಚಿತವಾಗಿ ಸಿಗುವ ಮೂರನ್ನು ಬಳಸುತ್ತೇನೆ: ವಿಚಾರ ಹರಡಲು ಫ್ರೀಪ್ಲೇನ್, ಬರೆಯಲು ಗೂಗಲ್ ಡಾಕ್ಸ್, ಬರೆದದ್ದನ್ನು ಓದಿಸಿ ಕೇಳಲು ಆಂಡ್ರಾಯ್ಡ್ ಫೋನಿನಲ್ಲೇ ಇರುವ ಓದುವ ಸೌಲಭ್ಯ. ಜೊತೆಗೆ ಮೈಕ್ ಇರುವ ಒಂದು ಸಾಧಾರಣ ಹೆಡ್‌ಸೆಟ್ ಕೊಳ್ಳಿ. ಪಕ್ಕದ ಮನೆ ಮಿಕ್ಸಿ, ಬೀದಿಯ ಆಟೋ ಹಾರ್ನ್ ಎಲ್ಲ ಸೇರಿಕೊಂಡರೆ ಕಂಪ್ಯೂಟರ್ ಮಗುವಿನ ಮಾತನ್ನು ತಪ್ಪು ತಪ್ಪಾಗಿ ಬರೆಯುತ್ತದೆ. ಆಗ ಮಗು "ನನ್ನದೇ ತಪ್ಪು" ಅಂದುಕೊಳ್ಳುತ್ತದೆ. ಅದಾಗಬಾರದು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಕಡಲೆಕಾಯಿ ಪರಿಷೆಯ (ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಜಾತ್ರೆ) ಬಗ್ಗೆ ಪ್ರಬಂಧ ಬರೆದದ್ದನ್ನು ಇಟ್ಟುಕೊಂಡೇ ಮುಂದಿನದನ್ನು ಹೇಳುತ್ತೇನೆ. ಅವನ ಮನೆ ಬುಲ್ ಟೆಂಪಲ್ ರಸ್ತೆಗೆ ಹತ್ತಿರ. ಪರಿಷೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಎರಡು ಸಾಲು ದಾಟಿರಲಿಲ್ಲ.

ಮೊದಲು ಫ್ರೀಪ್ಲೇನ್ ತೆರೆದು ನಡುವೆ "ಪರಿಷೆ" ಅಂತ ಹಾಕಿದೆವು. ಟ್ಯಾಬ್ ಒತ್ತಿದರೆ ಅದರಿಂದ ಒಂದು ಕೊಂಬೆ ಹೊರಡುತ್ತದೆ. ಎಂಟರ್ ಒತ್ತಿದರೆ ಅದರ ಪಕ್ಕಕ್ಕೆ ಇನ್ನೊಂದು. ಈ ಎರಡು ಕೀ ಗೊತ್ತಿದ್ದರೆ ಸಾಕು, ಮೆನುಗಳ ಕಡೆ ಹೋಗಬೇಡಿ. ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡುತ್ತಾ ಹೋದೆ: ನೂಕುನುಗ್ಗಲು, ಹುರಿದ ಕಾಯಿ ಹಸಿ ಕಾಯಿ, ಬಸವಣ್ಣ ಬೆಳೆ ತಿಂದದ್ದು, ಬತ್ತಾಸು, ಸೇರಿನಲ್ಲಿ ಅಳೆಯೋದು, ಕೊನೇ ಕಾರ್ತಿಕ ಸೋಮವಾರ, ಅಜ್ಜಿ ಕೈ ಹಿಡಿದುಕೊಂಡಿದ್ದು, ರಾತ್ರಿ ರಸ್ತೆಯಲ್ಲೇ ಮಲಗುವ ರೈತರು. ಒಂದೊಂದು ಕೊಂಬೆಗೆ ಒಂದೆರಡು ಪದ, ಜಾಸ್ತಿ ಎಂದರೆ ಮೂರು. ಈ ಹಂತದಲ್ಲಿ ನೀವು ಟೈಪ್ ಮಾಡಿಕೊಟ್ಟರೆ ತಪ್ಪೇನಿಲ್ಲ. ಆದರೆ ಅವನ ಪದವನ್ನೇ ಹಾಕಿ. "ನೂಕುನುಗ್ಗಲು" ಅಂದದ್ದನ್ನು "ಜನಸಂದಣಿ" ಅಂತ ತಿದ್ದಬೇಡಿ. ಅವನಿಗೆ ಆ ಚಿತ್ರ ನೆನಪಿಗೆ ಬರುವುದು ಅವನದೇ ಪದದಿಂದ.

ಆಮೇಲೆ ಜೋಡಣೆ. ಕೊಂಬೆಗಳನ್ನು ಮೌಸಿನಿಂದ ಎಳೆದು ಬೇಕಾದ ಕಡೆ ಸಿಕ್ಕಿಸಬಹುದು. ಇದನ್ನು ಮಗುವೇ ಮಾಡಬೇಕು, ನಿಮ್ಮ ಕೈ ಮೌಸಿನಿಂದ ದೂರ ಇರಲಿ. ನಾನು ಕೇಳುವುದು ಒಂದೇ ಪ್ರಶ್ನೆ: "ಇದನ್ನು ಕೇಳೋಕೆ ಮುಂಚೆ ನನಗೆ ಏನು ಗೊತ್ತಿರಬೇಕು?" ಅವನು ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದ. ಬಸವಣ್ಣನ ಕಥೆಯನ್ನು ಎಳೆದು ರೈತರ ಮೇಲೆ ತಂದಿಟ್ಟ. "ಮೊದಲ ಬೆಳೆ ಬಸವಣ್ಣಂಗೆ ಅಂತ ಹರಕೆ ಅಲ್ವಾ, ಅದು ಗೊತ್ತಾದ್ರೇ ಇವರು ಯಾಕೆ ಬರ್ತಾರೆ ಅಂತ ಗೊತ್ತಾಗೋದು" ಅಂದ. ಅಜ್ಜಿಯನ್ನು ನೂಕುನುಗ್ಗಲಿನ ಒಳಗೆ ಸೇರಿಸಿದ. ಬತ್ತಾಸನ್ನು ಅಳಿಸಿಯೇಬಿಟ್ಟ. ಪ್ರಬಂಧ ಬರೆಯುವುದು ಎಂದರೆ ಮುಕ್ಕಾಲು ಪಾಲು ಇದೇ. ಅಕ್ಷರ ತಪ್ಪುವ ಹುಡುಗನಿಗೆ ಇದು ಇಷ್ಟು ಚೆನ್ನಾಗಿ ಬರುತ್ತದೆ ಅಂತ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಂಥದ್ದಕ್ಕೇ.

ಕೊಂಬೆಗಳನ್ನೆಲ್ಲ ಕಾಪಿ ಮಾಡಿ ಡಾಕ್ಸ್‌ನಲ್ಲಿ ಪೇಸ್ಟ್ ಮಾಡಿದರೆ ಅವು ಸಾಲುಸಾಲಾಗಿ ಬರುತ್ತವೆ. ಮುಖ್ಯ ಕೊಂಬೆಗಳಿಗೆ ಹೆಡಿಂಗ್ ಸ್ಟೈಲ್ ಕೊಡಿ. ಎಡಗಡೆ ಔಟ್‌ಲೈನ್ ಕಾಣಿಸುತ್ತದೆ, ಮಗು ತಾನು ಎಲ್ಲಿದ್ದೇನೆ ಅಂತ ನೋಡಿಕೊಳ್ಳಬಹುದು. ಸಾಲನ್ನು ಮೇಲೆ ಕೆಳಗೆ ಮಾಡಲು ಆಲ್ಟ್, ಶಿಫ್ಟ್ ಜೊತೆ ಬಾಣದ ಕೀ. ಫ್ರೀಪ್ಲೇನ್ ಹಾಕಲು ಲ್ಯಾಪ್‌ಟಾಪ್ ಇಲ್ಲದವರು ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ ನೆಲದ ಮೇಲೆ ಜೋಡಿಸಲಿ. ಕೆಲಸ ಅದೇ.

ಈಗ ಮಾತಾಡಿ ಬರೆಯುವುದು. ಕ್ರೋಮ್‌ನಲ್ಲಿ ಡಾಕ್ಸ್ ತೆರೆದು ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಆರಿಸಿ. ಮೈಕಿನ ಚಿತ್ರದ ಮೇಲಿರುವ ಭಾಷೆಯ ಪಟ್ಟಿಯಲ್ಲಿ ಕನ್ನಡ ಹುಡುಕಿ. ಗೂಗಲ್‌ನ ಮಾತಿನ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ಇಷ್ಟು ವರ್ಷವಾದರೂ ಎಷ್ಟೋ ಮನೆಗಳಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಔಟ್‌ಲೈನಿನ ಒಂದು ಸಾಲಿನ ಕೆಳಗೆ ಕರ್ಸರ್ ಇಟ್ಟು, ಒಂದೇ ಒಂದು ವಾಕ್ಯ ಹೇಳಿಸಿ. ಮೈಕ್ ನಿಲ್ಲಿಸಿ, ಚುಕ್ಕಿ ಹಾಕಿ, ಎಂಟರ್ ಒತ್ತಿ. ಮತ್ತೆ ಇನ್ನೊಂದು. ಕನ್ನಡದಲ್ಲಿ ಚುಕ್ಕಿ, ಅಲ್ಪವಿರಾಮಗಳನ್ನು ನಾವೇ ಹಾಕಬೇಕು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಸಿದರೆ ತಲೆಬುಡವಿಲ್ಲದ ಒಂದು ಉದ್ದ ಸಾಲು ಸಿಗುತ್ತದೆ, ಅದನ್ನು ಬಿಡಿಸುವುದು ಬರೆಯುವುದಕ್ಕಿಂತ ಕಷ್ಟ.

ಹೀಗೆ ಬಂದ ಸಾಲು ಆಡುಮಾತಿನಲ್ಲಿರುತ್ತದೆ. "ರೈತ್ರು ಅಲ್ಲೇ ಮಲ್ಕೊಂಡಿರ್ತಾರೆ" ಅಂತ ಇರುತ್ತದೆ. ಪರವಾಗಿಲ್ಲ. ಅವತ್ತು ಹಾಗೇ ಬಿಡಿ, ಮಾರನೇ ದಿನ ತಿದ್ದಿ. ಆ ಹುಡುಗನಿಗೆ ಒಂದು ಸಾಲನ್ನು ನಾನು ತಿದ್ದಿ ತೋರಿಸಿದೆ: "ರೈತರು ಅಲ್ಲೇ ಮಲಗಿರುತ್ತಾರೆ." ಉಳಿದದ್ದನ್ನು ಅವನೇ ಮಾಡಿದ. ಕೆಲವು ಕಡೆ ತಪ್ಪಿದ್ದವು, ಅವು ಮುಂದಿನ ಹಂತದಲ್ಲಿ ಸಿಕ್ಕಿಬಿದ್ದವು.

ಆ ಮುಂದಿನ ಹಂತ ಎಂದರೆ ಕಿವಿಯಿಂದ ತಿದ್ದುವುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗವಿದೆ, ಅದರಲ್ಲಿ ಆರಿಸಿದ ಸಾಲನ್ನು ಓದಿ ಹೇಳುವ ಸೆಲೆಕ್ಟ್ ಟು ಸ್ಪೀಕ್ ಆನ್ ಮಾಡಿ. ಅದು ಕಾಣದಿದ್ದರೆ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಪಠ್ಯ ಪೇಸ್ಟ್ ಮಾಡಿ ಸ್ಪೀಕರ್ ಚಿತ್ರ ಒತ್ತಿದರೂ ಓದುತ್ತದೆ. ನಮ್ಮ ಮಕ್ಕಳ ಕಣ್ಣು ತಾನು ಬರೆದದ್ದರಲ್ಲಿ ತಪ್ಪು ಹುಡುಕುವುದಿಲ್ಲ, ಕಿವಿ ಹುಡುಕುತ್ತದೆ. ಅವನು "ಕಾಯಿ" ಬರೆಯಬೇಕಾದಲ್ಲಿ "ಕಯಿ" ಅಂತ ಟೈಪ್ ಮಾಡಿದ್ದ. ಫೋನು ಅದನ್ನು ಓದಿದ ತಕ್ಷಣ ತಲೆ ಎತ್ತಿ, "ಅದು ಹಾಗಲ್ಲ!" ಅಂದ. ನಾನು ಒಂದು ಮಾತೂ ಆಡಿರಲಿಲ್ಲ. ಆದರೆ ಇದಕ್ಕೂ ಮಿತಿ ಇದೆ. "ಶ" ಮತ್ತು "ಷ" ವ್ಯತ್ಯಾಸ ಕಿವಿಗೆ ಸಿಗುವುದಿಲ್ಲ. ಅಂಥವನ್ನು ನೀವೇ ಗುರುತು ಮಾಡಿಕೊಡಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಸಾಕು.

ಟೈಪ್ ಮಾಡಲು ಇಷ್ಟಪಡುವ ಮಕ್ಕಳಿಗೆ ಕೀಬೋರ್ಡ್ ಇನ್ನೊಂದು ಉಪಕಾರ ಮಾಡುತ್ತದೆ. "ಸೂರ್ಯ" ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಉಚ್ಚರಿಸುವಾಗ "ರ್" ಮೊದಲು ಬರುತ್ತದೆ. ಈ ತಿರುವುಮುರುವಿನಲ್ಲಿ ಎಷ್ಟು ಮಕ್ಕಳು ಬೀಳುತ್ತಾರೋ! ಯುನಿಕೋಡ್‌ನಲ್ಲಿ (ಈಗಿನ ಫೋನು, ಕಂಪ್ಯೂಟರುಗಳೆಲ್ಲ ಅಕ್ಷರಕ್ಕೆ ಬಳಸುವ ಸಂಕೇತ ಪದ್ಧತಿ) ಕೇಳಿಸುವ ಕ್ರಮದಲ್ಲೇ ಟೈಪ್ ಮಾಡಿದರೆ ಸಾಕು, ಅರ್ಕಾವತ್ತು ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. ಕೈಬರಹದಲ್ಲಿ ಅದನ್ನು ಬೇರೆಯಾಗಿ ಕಲಿಸಬೇಕು, ನಿಜ. ಆದರೆ ಪ್ರಬಂಧ ಬರೆಯುವ ಹೊತ್ತಿನಲ್ಲಿ ಅದರ ಜೊತೆ ಗುದ್ದಾಡುವುದು ತಪ್ಪುತ್ತದೆ.

ಶಾಲೆಯಿಂದ ಬರುವ ನೋಟ್ಸ್ ಕೆಲವೊಮ್ಮೆ ಯುನಿಕೋಡ್ ಅಲ್ಲದ ಹಳೇ "ನುಡಿ" ಅಥವಾ "ಬರಹ" ಫಾಂಟಿನಲ್ಲಿರುತ್ತವೆ. ಅದನ್ನು ಡಾಕ್ಸ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಫೋನು ಅದನ್ನೇ ಓದುತ್ತದೆ. ಮಗು ಗಾಬರಿಯಾಗುತ್ತದೆ. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಾಯಿಸಿ ಕೊಡಿ. ಶಿಕ್ಷಕರಿಗೆ ಯುನಿಕೋಡ್‌ನಲ್ಲೇ ಕಳಿಸಲು ವಿನಂತಿ ಮಾಡಿದರೆ ಇನ್ನೂ ಒಳ್ಳೆಯದು.

ಈಗ ವಿಷಯ ಕೊಟ್ಟರೆ ಇಡೀ ಪ್ರಬಂಧವನ್ನೇ ಬರೆದುಕೊಡುವ ಎಐ ಇದೆ. ಅದು ಬೇಡ ಅನ್ನುತ್ತೇನೆ. ಈ ಮಕ್ಕಳಿಗೆ ಬರದೇ ಇರುವುದು ಅಕ್ಷರ. ಯೋಚನೆ ಚೆನ್ನಾಗಿಯೇ ಬರುತ್ತದೆ. ಅದನ್ನೂ ಯಂತ್ರಕ್ಕೆ ಕೊಟ್ಟರೆ "ನನಗೆ ಏನೂ ಬರಲ್ಲ" ಅಂತ ಮಗು ನಂಬಿಬಿಡುತ್ತದೆ. ಎಐ ಹತ್ತಿರ ಪ್ರಶ್ನೆ ಕೇಳಿಸಿ, ಉತ್ತರ ಮಗು ಹೇಳಲಿ. ಅಷ್ಟರ ಮಟ್ಟಿಗೆ ಸರಿ.

ಇನ್ನು ಪರೀಕ್ಷೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವವರ ಸಹಾಯದ ಮಾತಿದೆ. ಆದರೆ ನಿಮ್ಮ ಬೋರ್ಡ್ ಕೇಳುವ ಕಾಗದಪತ್ರ ಬೇಕೇ ಬೇಕು. ಮಗುವಿನ ಕಲಿಕಾ ತೊಂದರೆಯ ತಪಾಸಣೆ ಮಾಡಿಸಲು ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಬಹುದು. ಹತ್ತನೇ ತರಗತಿಯ ತನಕ ಕಾಯಬೇಡಿ, ಎಂಟನೆಯದರಲ್ಲೇ ಶುರು ಮಾಡಿ.

ಬರೆದುಕೊಡುವವರು ಸಿಕ್ಕರೆ, ಮಾತಾಡಿ ಬರೆಸಿದ ಅಭ್ಯಾಸ ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಒಂದು ವಾಕ್ಯ ಹೇಳಿ, ನಿಲ್ಲಿಸಿ, ಮುಂದಿನದು. ಫ್ರೀಪ್ಲೇನ್ ಅಂತೂ ಪರೀಕ್ಷಾ ಕೊಠಡಿಗೆ ಬರುವುದಿಲ್ಲ. ಅದಕ್ಕೇ ಕೊನೆಯ ಕೆಲವು ತಿಂಗಳು ನಾನು ಕೊಂಬೆಗಳನ್ನು ಪೆನ್ಸಿಲಿನಲ್ಲಿ ಹಾಕಿಸುತ್ತೇನೆ. ಐದಾರು ಪದ, ಪಕ್ಕದಲ್ಲಿ 1, 2, 3 ಅಂತ ಕ್ರಮ. ಆ ಪದಗಳಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದುವುದಿಲ್ಲ, ಅದನ್ನು ಓದಬೇಕಾದವನು ಅವನೊಬ್ಬನೇ.