ಧರೆಯಲ್ಲಿದ್ದ ಕಡಜದ ಗೂಡು ತೆಗೆದ ಬಗೆ

ಅಡಿಕೆ ತೋಟದಲ್ಲಿ ಕಳೆ ಕತ್ತರಿಸುತ್ತಿದ್ದೆ. ಮಷಿನ್ ಅದುರಿದ್ದೇ ತಡ, ಧರೆಯ (ಕಡಿದಾದ ಮಣ್ಣಿನ ದಿಬ್ಬ) ಬುಡದಿಂದ ಕಡಜಗಳು ಎದ್ದವು. ಕೈಗೆ ನಾಲ್ಕು ಕಡೆ ಚುಚ್ಚಿದವು. ಜೇನಿನ ಹಾಗಲ್ಲ, ಒಂದೇ ಹುಳು ಮತ್ತೆ ಮತ್ತೆ ಚುಚ್ಚುತ್ತದೆ. ಪುಣ್ಯಕ್ಕೆ ಊತ ಕೈಗೇ ನಿಂತಿತು. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಪೆಟ್ರೋಲ್ ಸುರಿ ಅಂದರು ಪಕ್ಕದ ಮನೆಯವರು. ಕೆಳಗೇ ಬಾವಿ ಇದೆ, ಬೇಡ ಅಂದೆ.

ಮರುದಿನ ದೂರ ನಿಂತು ನೋಡಿದೆ. ಹೆಬ್ಬೆರಳು ತೂರುವಷ್ಟು ತೂತು, ಹೊರಗೆ ಹೊಸ ಮಣ್ಣಿನ ಸಣ್ಣ ಉಂಡೆಗಳು. ಕತ್ತಲಾಗಿ ಹುಳುಗಳೆಲ್ಲ ಒಳಗೆ ಸೇರಿದ ಮೇಲೆ ದಪ್ಪ ಬಟ್ಟೆ, ಗಂಬೂಟು, ಮುಖಕ್ಕೆ ಬಲೆ ಹಾಕಿಕೊಂಡು ಹೋದೆ. ಟಾರ್ಚಿಗೆ ಕೆಂಪು ಹಾಳೆ ಕಟ್ಟಿದ್ದೆ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಉದ್ದನೆಯ ಪೈಪಿನಿಂದ ಕೀಟನಾಶಕ ಪುಡಿಯನ್ನು ತೂತಿನ ಬಾಯಿಗೆ ಸುರಿದೆ. ತೂತು ಮುಚ್ಚಲಿಲ್ಲ. ಓಡಾಡುವಾಗ ಪುಡಿ ಮೈಗೆ ಅಂಟಿ ಒಳಗೆ ಹೋಗಬೇಕು ಅಲ್ವಾ? ಮೂರನೇ ದಿನ ಒಂದೂ ಹಾರಲಿಲ್ಲ.

ಬೇಲಿಯಾಚೆಯ ಇನ್ನೊಂದು ಗೂಡನ್ನು ಸುಮ್ನೆ ಬಿಟ್ಟಿದ್ದೇನೆ. ಅಲ್ಲಿ ಯಾರೂ ಓಡಾಡುವುದಿಲ್ಲ.