ಜಡಿಮಳೆಗೆ ಯಾರು ಬರ್ತಾರೆ ಅಂದ್ರು, ಈಗ ಕುರ್ಚಿ ಸಾಲುದಿಲ್ಲ: ಮಂಗಳೂರಲ್ಲಿ ಮಾತಿನ ಸಂಜೆ ನಡೆಸಿದ ನನ್ನ ಅನುಭವ

ಮಂಗಳೂರಲ್ಲಿ ಬಾರಿನ ಮಾಳಿಗೆಯಲ್ಲಿ ಕೂತು, ಗ್ಲಾಸು ಕೈಯಲ್ಲಿ ಹಿಡ್ಕೊಂಡು, ಕೆಲಸ ಗೊತ್ತಿರುವವರ ಬಾಯಿಂದ ನಾಲ್ಕು ವಿಷಯ ಕೇಳಿ ಕಲಿಯುವ ಸಂಜೆ ನಡೆಸ್ಬೇಕು ಅಂತ ಯಾರಿಗಾದ್ರೂ ಇದ್ರೆ ಜೂನ್ ಜುಲೈಯಲ್ಲೇ ಸುರು ಮಾಡಿ, ಡಿಸೆಂಬರಿಗೆ ಕಾಯ್ಬೇಡಿ. ನನಗೆ ಎಲ್ಲರೂ ಉಲ್ಟಾ ಹೇಳಿದ್ರು. ಬೆಂಗಳೂರಲ್ಲಿ ಇಂಥದ್ದು ನಡೆಸುವ ಗೆಳೆಯರು, ಇಲ್ಲಿನ ಬಾರಿನವರು, ನಮ್ಮ ಟೀಮಿನಲ್ಲೇ ಇಬ್ಬರು, ಎಲ್ಲರದ್ದೂ ಒಂದೇ ರಾಗ, ಆ ಮಳೆಯಲ್ಲಿ ಮನೆಯಿಂದ ಯಾರು ಹೊರಡ್ತಾರೆ ಮಾರಾಯ ಅಂತ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಊರು ನಮ್ಮದು, ಅವರ ಮಾತಲ್ಲಿ ನ್ಯಾಯ ಇತ್ತು. ಆದ್ರೂ ಈಗ ಎರಡು ಮಳೆಗಾಲ ಮುಗ್ದಿದೆ, ಹೆಚ್ಚಿನ ಸಂಜೆ ಹಿಂದೆ ನಿಂತು ಕೇಳುವವರಿದ್ರು. ಹಾಗಾಗಿ ಬರೀತಿದ್ದೇನೆ.

ಬಾರಲ್ಲಿ ಕೆಫೆಯಲ್ಲಿ ಕೂತು ಮಾತು ಕೇಳುವ ಈ ಕ್ರಮ ನಮ್ಮದಲ್ಲ, ಹೊರದೇಶದ್ದು. 1998ರಲ್ಲಿ ಇಂಗ್ಲೆಂಡಿನ ಲೀಡ್ಸಲ್ಲಿ ಡಂಕನ್ ಡಲ್ಲಾಸ್ ಸುರು ಮಾಡಿದ ಕೆಫೆ ಸೈಂಟಿಫಿಕ್, 2003ರ ನರ್ಡ್ ನೈಟ್, 2013ರ ಪಿಂಟ್ ಆಫ್ ಸೈನ್ಸ್, ಎಲ್ಲವನ್ನೂ ಓದಿ ನೋಡಿ ಕಾಪಿ ಹೊಡೆದೇ ಹೊರಟದ್ದು. ಪೆಚಾ ಕುಚಾ ಅನ್ನುವ ಸ್ಲೈಡಿನ ಮಾತು ಕೂಡ ಮಾಡಿ ನೋಡಿದೆವು, 20 ಸ್ಲೈಡು, ಒಂದೊಂದಕ್ಕೆ 20 ಸೆಕೆಂಡು, 6 ನಿಮಿಷ 40 ಸೆಕೆಂಡಲ್ಲಿ ಮುಗೀಬೇಕು. ಆರ್ಕಿಟೆಕ್ಟುಗಳಿಗೆ, ಕಾಲೇಜಿನವರಿಗೆ ಅದು ಸಲೀಸು. ಇಪ್ಪತ್ತೈದು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರ ಹತ್ರ ಸ್ಲೈಡು ಮಾಡಿ ಅಂದ್ರೆ ಅವರು ಬರುದೇ ಇಲ್ಲ, ನಮಗೆ ಬೇಕಾದ್ದೇ ಅಂಥವರು. ಪ್ರೊಜೆಕ್ಟರ್ ಅಲ್ಲಿಗೇ ಬಿಟ್ಟೆವು. ಮಳೆಗಾಲದ ಕರೆಂಟಿಗೂ ಅದೇ ಒಳ್ಳೇದಾಯ್ತು.

ಸುರುವಿಗೆ ಮಾಡಿದ್ದು ಚಳಿಗಾಲದಲ್ಲಿ, ಹವೆ ಒಳ್ಳೇದಿರ್ತದೆ ಅಂತ. ಆದ್ರೆ ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಸಂಜೆ ಅಂತ ಒಂದು ಖಾಲಿ ಉಳಿಯುದುಂಟಾ? ಯಕ್ಷಗಾನದ ಮೇಳ ಹೊರಡ್ತದೆ, ದೈವಗಳ ಕೋಲ ನೇಮ ಸುರುವಾಗ್ತದೆ, ಮತ್ತೆ ಮದುವೆ, ಮೆಹಂದಿ, ಬ್ರಹ್ಮಕಲಶ, ವಾರ್ಷಿಕೋತ್ಸವ, ಅದೂ ಸಾಲದ್ದಕ್ಕೆ ಗಲ್ಫಿನಿಂದ ರಜೆಯಲ್ಲಿ ಬಂದ ತಮ್ಮಂದಿರು ಭಾವಂದಿರು. ಅರುವತ್ತು ಜನ ಹೆಸರು ಕೊಟ್ಟು ಹದಿನೆಂಟೋ ಇಪ್ಪತ್ತೋ ಜನ ಬಂದದ್ದುಂಟು. ಎಂಟ್ರಿ ಫ್ರೀ ಇಟ್ಟದ್ದು ಅದಕ್ಕೆ ಇನ್ನೊಂದು ಕಾರಣ. ಫ್ರೀ ಅಂದ್ರೆ ಬರುದಿಲ್ಲ, ಇದನ್ನು ಗೋಡೆಯಲ್ಲಿ ಬರೆದಿಡಿ.

ಹಣ ಹೋದದ್ದು ಮಿನಿಮಮ್ ಗ್ಯಾರಂಟಿಯಲ್ಲಿ. ನಾವು ಹಿಡಿದ ಸುರುವಿನ ಜಾಗದವರು ಹದಿನೈದು ಸಾವಿರದ ಬಿಲ್ಲಾದ್ರೂ ಆಗ್ಬೇಕು, ಇಲ್ಲದಿದ್ರೆ ಬಾಕಿ ನೀವು ಕಟ್ಟಿ ಅಂದ್ರು. ಇಪ್ಪತ್ತು ಜನ, ಅದ್ರಲ್ಲಿ ಅರ್ಧ ಜನ ಲೈಮ್ ಸೋಡಾದವರು, ಬಿಲ್ಲು ಎಂಟರ ಹತ್ರ ನಿಂತಿತು. ಒಂದೇ ಸಂಜೆಗೆ ಕೈಯಿಂದ ಆರೇಳು ಸಾವಿರ. ಅಂಥ ಮೂರ್ನಾಲ್ಕು ಸಂಜೆ ಅಂತ ಲೆಕ್ಕ ಹಾಕಿ. ಬಾರೇ ಬೇಡ ಅಂತ ಒಂದು ಸಲ ಹಾಲ್ ಹಿಡಿದು ಸಿಎಲ್-5 ಅನ್ನುವ ಮದ್ಯದ ಲೈಸೆನ್ಸ್ ತೆಗೆದೆವು, ಒಂದು ದಿನದ ಆ ಲೈಸೆನ್ಸಿನ ಫೀಸು ಮತ್ತು ಓಡಾಟದ ಖರ್ಚೇ ಟಿಕೆಟಿನ ಹಣವನ್ನೆಲ್ಲ ನುಂಗಿತು. ಹೇಗೂ ಸಿಎಲ್-9 ಲೈಸೆನ್ಸ್ ಇರುವ ಬಾರ್ ಆಂಡ್ ರೆಸ್ಟೋರೆಂಟಲ್ಲೇ ಮಾಡಿದ್ರೆ ಅದ್ರ ಗೋಜಿಲ್ಲ, ಸರ್ವ್ ಮಾಡುದು ಅವರು, ನಾವು ಬರೇ ಜನ ಸೇರಿಸುವವರು.

ಮಳೆಗಾಲದ ಯೋಚನೆ ಬಂದದ್ದು ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ. ಬೋಟಿನ ತಾಂಡೇಲರೊಬ್ಬರನ್ನು, ಅಂದ್ರೆ ಬೋಟು ನಡೆಸುವವರನ್ನು, ಮಾತಿಗೆ ಕರೀಲಿಕ್ಕೆ ಚಳಿಗಾಲ ಪೂರ್ತಿ ಅವರ ಹಿಂದೆ ಬಿದ್ದಿದ್ದೆ, ಅವರು ಹತ್ತು ದಿನ ಕಡಲಲ್ಲಿ, ಒಂದು ದಿನ ದಡದಲ್ಲಿ, ಆ ಒಂದು ದಿನ ನಿದ್ದೆಗೆ. ಕೊನೆಗೆ ಅವರೇ ಹೇಳಿದ್ರು, ಬ್ಯಾನಿನ ಟೈಮಲ್ಲಿ ಇಡಿ ಸಾರ್, ಎಷ್ಟು ಬೇಕಾದ್ರೂ ಮಾತಾಡುವ ಅಂತ. ಪಡುಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಇಳಿಯುದಿಲ್ಲ. ಆಗ ನನಗೆ ಮಂಡೆಗೆ ಹೊಳೆದದ್ದು, ಅವರು ಮಾತ್ರ ಅಲ್ಲ, ಊರೇ ಖಾಲಿ ಇರ್ತದಲ್ಲ ಅಂತ. ಮೇ ಕೊನೆಯಲ್ಲಿ ಪತ್ತನಾಜೆ, ಅಂದ್ರೆ ಆ ವರ್ಷದ ಉತ್ಸವಗಳಿಗೆಲ್ಲ ಕೊನೆಯ ದಿನ, ಬಂತೆಂದ್ರೆ ಕೋಲ ನೇಮ ನಿಂತಿತು, ಮೇಳದವರು ಗೆಜ್ಜೆ ಬಿಚ್ಚಿದ್ರು. ಶಾಮಿಯಾನದವ ಖಾಲಿ, ಮೈಕಿನವ ಖಾಲಿ. ಚಳಿಗಾಲದಲ್ಲಿ ಎರಡೂವರೆ ಸಾವಿರ ಕೇಳ್ತಿದ್ದ ಮೈಕಿನವ ಜೂನಲ್ಲಿ ಸಾವಿರದ ಇನ್ನೂರಕ್ಕೆ ಬಂದ, ಜತೆಗೆ ಅವನೇ ಕೂತು ಕೇಳಿದ.

ಬಾರಿನವರ ಲೆಕ್ಕವೂ ಅಲ್ಲಿಯೇ ತಿರುಗಿತು. ಮಳೆಗಾಲದ ವಾರದ ದಿನ ಸಂಜೆ ಆರಕ್ಕೆ ಮೇಲಿನ ಮಾಳಿಗೆ ಪೂರ್ತಿ ಖಾಲಿ. ಮೀನಿನ ರೇಟು ಏರಿರ್ತದೆ, ಬರುವ ಗಿರಾಕಿ ಕಮ್ಮಿ. ನಾನು ಹೋಗಿ ಗ್ಯಾರಂಟಿ ಕೊಡುದಿಲ್ಲ, ನಲ್ವತ್ತು ಕೂಪನ್ ಕೊಡ್ತೇನೆ ಅಂದೆ. ಅವರು ಎರಡು ದಿನ ಯೋಚನೆ ಮಾಡಿ ಒಪ್ಪಿದ್ರು. ಈಗಿನ ಲೆಕ್ಕ ಹೆಚ್ಚುಕಮ್ಮಿ ಹೀಗೆ: ಟಿಕೆಟ್ 250, ಅದ್ರಲ್ಲಿ 150 ಕೂಪನ್, ಅದನ್ನು ಕುಡೀಲಿಕ್ಕೋ ತಿನ್ಲಿಕ್ಕೋ ಅವರಿಗೆ ಬಿಟ್ಟದ್ದು. ನಲ್ವತ್ತೈದು ಜನ ಬಂದ್ರೆ ಹನ್ನೊಂದು ಸಾವಿರ ಚಿಲ್ಲರೆ, ಬಾರಿಗೆ ಆರು ಮುಕ್ಕಾಲು ಸಾವಿರ ಹೋಗ್ತದೆ, ಮಾತಾಡುವ ಇಬ್ಬರಿಗೆ ಸಾವಿರ ಸಾವಿರ, ಮೈಕಿಗೆ ಸಾವಿರದ ಇನ್ನೂರು, ಉಳಿದದ್ದು ಡಬ್ಬಿಗೆ. ಜನ ಕೂಪನ್ನಿಗೇ ನಿಲ್ಲುದಿಲ್ಲ, ಮೇಲಿನದ್ದು ಕೈಯಿಂದ ತಗೊಳ್ತಾರೆ, ಮಾಲಕರಿಗೆ ಲಾಭ ಅಲ್ಲಿ. ಎರಡನೇ ತಿಂಗಳಿಗೆ ಅವರೇ ಫೋನ್ ಮಾಡಿ ಮುಂದಿನದ್ದು ಯಾವಾಗ ಕೇಳಿದ್ರು. ಇಲ್ಲಿ ನಡೆಯುದಿಲ್ಲ ಅಂದವರಲ್ಲಿ ಇವರೂ ಒಬ್ಬರು!

ಮಾತಾಡುವವರಿಗೆ ಹಣ ಕೊಡುದು ಮಾತ್ರ ಬಿಡ್ಬೇಡಿ. ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಡಾಕ್ಟ್ರಿಗೂ ಪ್ರೊಫೆಸರಿಗೂ ಕೊಡುವಷ್ಟೇ ತಾಂಡೇಲರಿಗೂ ಕಳ್ಳು ಇಳಿಸುವ ಮೂರ್ತೆದಾರರಿಗೂ, ಕವರಲ್ಲಿ ಹಾಕಿ, ಮಾತಿಗೆ ಮೊದಲೇ. ಈ ವಿಷಯಕ್ಕೆ ನಾನು ಟೀಮಲ್ಲಿ ಜಗಳ ಮಾಡಿದ್ದೇನೆ, ಮುಂದೆಯೂ ಮಾಡ್ತೇನೆ.

ಕ್ರಮ ಹೇಳ್ತೇನೆ. ಆರು ಗಂಟೆಗೆ ಜನ, ಆರೂ ಕಾಲಿಗೆ ಒಂದು ಮಾತು ಹದಿನೈದು ನಿಮಿಷ, ಆಗ ಟೇಬಲಲ್ಲಿ ಗೋಳಿಬಜೆ ಮತ್ತು ನೀರು ಮಾತ್ರ. ಮತ್ತೆ ಅರ್ಧ ಗಂಟೆ ಬಿಡುವು, ಬಾರ್ ತೆರೆಯುದು ಆಗ. ಮೊದಲ ಮಾತಿನ ಪ್ರಶ್ನೆಗಳನ್ನು ಬಿಡುವಿನ ಕೊನೆಗೆ ತಗೊಳ್ಳುದು, ಕೂಡಲೇ ಅಲ್ಲ. ಇದೇ ಮುಖ್ಯ. ಮಾತು ಮುಗಿದ ಕೂಡಲೇ ಪ್ರಶ್ನೆ ಉಂಟಾ ಕೇಳಿದ್ರೆ ನಮ್ಮವರು ಒಬ್ಬರ ಮುಖ ಒಬ್ಬರು ನೋಡ್ತಾರೆ, ಅಥವಾ ರಿಟೈರ್ಡ್ ಯಾರಾದ್ರೂ ಎದ್ದು ಅವರದ್ದೇ ಭಾಷಣ ಸುರು ಮಾಡ್ತಾರೆ. ಒಂದು ಗ್ಲಾಸು ಆಗುವಷ್ಟರಲ್ಲಿ ಟೇಬಲ್ ಟೇಬಲಲ್ಲಿ ಚರ್ಚೆ ಹುಟ್ಟಿರ್ತದೆ, ಮತ್ತೆ ಮೈಕ್ ಹಿಡಿದ್ರೆ ಪ್ರಶ್ನೆ ತಯಾರಿರ್ತದೆ. ಎರಡನೇ ಮಾತು ಮುಗಿದು ಎಂಟೂವರೆಗೆ ಬಂದ್. ಹದಿನೈದು ನಿಮಿಷಕ್ಕೆ ಮಾತು ನಿಲ್ಲಿಸ್ಲಿಕ್ಕೆ ನನ್ನ ಹತ್ರ ಒಂದು ಉಪಾಯ ಉಂಟು, ಯಾರಿಗೂ ಬೇಜಾರಾಗದ ಹಾಗೆ ನಿಲ್ತದೆ, ಅದನ್ನು ಇಲ್ಲಿ ಬರೆಯುದಿಲ್ಲ, ಬಂದು ನೋಡಿ. ಎರಡನೇ ಮಾತಿಗೆ ಯಾರನ್ನು ಕೂರಿಸುದು ಅನ್ನುದೂ ಹಾಗೇ.

ತಾಂಡೇಲರ ಸಂಜೆ ಹೊರಗೆ ಜಡಿಮಳೆ, ಹೆಂಚಿನ ಮೇಲೆ ಬೀಳುವ ಶಬ್ದಕ್ಕೆ ಮೈಕ್ ಜೋರು ಮಾಡ್ಬೇಕಾಯ್ತು. ನೀರಿನ ಬಣ್ಣ, ಹಕ್ಕಿ ಮುಳುಗುವ ರೀತಿ ನೋಡಿ ಬಂಗುಡೆ ಗುಂಪಾ ಬೂತಾಯಿ ಗುಂಪಾ ಅಂತ ಹೇಗೆ ಅಂದಾಜು ಮಾಡುದು ಅಂತ ಹೇಳಿದ್ರು. ಮತ್ತೆ ಬ್ರೇಕಲ್ಲಿ ಯಾರೋ ಲೈಟ್ ಫಿಶಿಂಗ್, ಅಂದ್ರೆ ರಾತ್ರಿ ಬೆಳಕು ಬಿಟ್ಟು ಮೀನು ಹಿಡಿಯುವ ಸುದ್ದಿ ಎತ್ತಿದ್ರು, 2017ರಲ್ಲಿ ಕೇಂದ್ರ ಸರಕಾರ ನಿಷೇಧ ಮಾಡಿದ್ದು ಯಾಕೆ, ಮರಿ ಮೀನು ಸಹ ಬೆಳಕಿಗೆ ಬಂದು ಬಲೆಗೆ ಬೀಳ್ತದೆ ಅಂತ ಕೆಲವರು, ಬೋಟಿನ ಸಾಲ ತೀರಿಸುದು ಹೇಗೆ ಅಂತ ಇನ್ನು ಕೆಲವರು. ಸಣ್ಣ ಸಾಂಪ್ರದಾಯಿಕ ನಾಡದೋಣಿಯವರೊಬ್ಬರೂ ಬಂದಿದ್ರು, ಅವರಿಗೆ ಮಳೆಗಾಲದಲ್ಲಿ ಬ್ಯಾನ್ ಇಲ್ಲ, ಅವರು ಎದ್ದು ನಿಂತು ಮಾತಾಡಿದ್ದು ಸ್ಪೀಕರಿಗಿಂತ ಚಂದ ಇತ್ತು. ಮೀನು ತಿನ್ನುವ ಊರಲ್ಲಿ ಮೀನು ಹಿಡಿಯುವವರು ಎದುರೆದುರು ಕೂತು ಹೀಗೆ ಮಾತಾಡಿದ್ದು ನಾನು ಬೇರೆಲ್ಲೂ ನೋಡ್ಲಿಲ್ಲ.

ಕುಡಿಯದವರ ವಿಷಯ. ಸುರುವಿನ ಸಂಜೆಗಳಲ್ಲಿ ಹೆಂಗಸರು ಮೂರ್ನಾಲ್ಕು ಜನ ಮಾತ್ರ, ಈಗ ಹೆಚ್ಚುಕಮ್ಮಿ ಅರ್ಧದಷ್ಟು. ಮಾಡಿದ್ದು ಇಷ್ಟೇ, ಪುನರ್ಪುಳಿ (ಕೋಕಂ) ಶರಬತ್ತು ಬಿಯರಿನ ಗ್ಲಾಸಲ್ಲೇ, ಅದೇ ಕೌಂಟರಲ್ಲಿ, ಅದೇ ಕೂಪನ್ನಿಗೆ. ಯಾರ ಗ್ಲಾಸಲ್ಲಿ ಎಂತ ಉಂಟು ಅಂತ ಯಾರೂ ನೋಡುದಿಲ್ಲ. ಕೆಮಿಸ್ಟ್ರಿ ಲೆಕ್ಚರರ್ ಒಬ್ಬರು ಆ ಶರಬತ್ತಿಗೇ ಚಿಟಿಕೆ ಅಡಿಗೆ ಸೋಡಾ ಹಾಕಿ ತೋರಿಸಿದ್ರು, ಕೆಂಪು ಹೋಗಿ ನೇರಳೆ, ಇನ್ನೂ ಸ್ವಲ್ಪ ಹಾಕಿದ್ರೆ ಬೂದಿ ಹಸಿರು, ಲಿಂಬೆ ಹಿಂಡಿದ್ರೆ ಪುನಃ ಕೆಂಪಿನ ಕಡೆ. ಆಂಥೊಸಯನಿನ್ ಅಂತ ಬಣ್ಣದ ಅಂಶ, ಹುಳಿ ಕ್ಷಾರಕ್ಕೆ ತಕ್ಕ ಹಾಗೆ ತಿರುಗ್ತದೆ. ಆಮೇಲೆ ಮನೆಮನೆಯಲ್ಲಿ ಮಾಡಿ ಫೋಟೋ ಕಳಿಸಿದ್ದೇ ಕಳಿಸಿದ್ದು.

ನನಗೆ ಅತಿ ಖುಷಿ ಕೊಟ್ಟದ್ದು ಕಹಿಯ ಸಂಜೆ. ತುಳುವರ ಆಟಿ ತಿಂಗಳ ಅಮಾಸೆಗೆ ಎರಡು ವಾರ ಮೊದಲು ಇಟ್ಟೆವು, ಬೇಕೂಂತಲೇ, ಆ ದಿನ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವ ಕ್ರಮ ಉಂಟಲ್ಲ. ಬಾಟನಿಯವರೊಬ್ಬರು ಪಾಲೆ ಮರದ ಕೊಂಬೆ ಮತ್ತು ಕಾಸರ್ಕನ ಕೊಂಬೆ ಎರಡನ್ನೂ ತಂದು ಟೇಬಲಲ್ಲಿ ಇಟ್ರು. ಅಮಾಸೆ ದಿನ ಕತ್ತಲಲ್ಲಿ ಹೋಗಿ ಕಲ್ಲಲ್ಲಿ ಜಜ್ಜಿ ತೊಗಟೆ ತರುವಾಗ ಮರ ತಪ್ಪಿದ್ರೆ ಜೀವಕ್ಕೇ ಅಪಾಯ, ಕಾಸರ್ಕದಲ್ಲಿ ಇರುದು ಸ್ಟ್ರಿಕ್ನಿನ್ ಅನ್ನುವ ವಿಷ. ಪಾಲೆಯ ಎಲೆ ಒಂದೇ ಗಂಟಿನಿಂದ ಐದೋ ಏಳೋ ಸುತ್ತಲೂ ಬಿಚ್ಚಿರ್ತದೆ, ಮುರಿದ್ರೆ ಬಿಳಿ ಹಾಲು ಬರ್ತದೆ. ಕಾಸರ್ಕದ ಎಲೆ ಎದುರುಬದುರು ಜೋಡಿ, ಬುಡದಿಂದ ಎದ್ದು ಕಾಣುವ ನರಗಳು, ಹಾಲಿಲ್ಲ. ಕತ್ತಲಲ್ಲಿ ಗುರ್ತ ಸಿಗುದಿಲ್ಲ, ಹಾಗಾಗಿ ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ನೂಲು ಕಟ್ಟಿ ಬನ್ನಿ ಅಂದ್ರು. ಕೊಂಬೆಗಳು ಕೈಯಿಂದ ಕೈಗೆ ಹೋದವು, ಎಲ್ಲರೂ ಮುರಿದು ನೋಡಿದ್ರು.

ಅದೇ ಸಂಜೆ ಇನ್ನೊಂದು ಮಾತು ಟಾನಿಕ್ ವಾಟರಿನದ್ದು. ಮಲೇರಿಯಾ ಮಂಗಳೂರಿನವರಿಗೆ ಹೊಸತಲ್ಲ, ಅದರ ಹಳೇ ಮದ್ದು, ಟಾನಿಕ್ ವಾಟರಿಗೆ ಕಹಿ ಕೊಡುವ ಕ್ವಿನೈನ್, ಸಿಂಕೋನಾ ಮರದ ತೊಗಟೆಯದ್ದು, ಅದೂ ತೊಗಟೆಯೇ ಅಲ್ವಾ. ನೋಟು ಚೆಕ್ ಮಾಡುವ ಯುವಿ ಟಾರ್ಚ್ ಇನ್ನೂರು ಚಿಲ್ಲರೆಗೆ ತಂದು, ಲೈಟ್ ಆಫ್ ಮಾಡಿ, ಜಿನ್ ಟಾನಿಕ್ ಗ್ಲಾಸಿಗೆ ಹಿಡಿದ್ರೆ ಇಡೀ ಗ್ಲಾಸು ನೀಲಿ ಹೊಳೀತದೆ. ಪಕ್ಕದಲ್ಲಿ ಬರೇ ಸೋಡಾ ಇಟ್ಟು ತೋರಿಸಿ, ಅದು ಹೊಳೆಯುದಿಲ್ಲ, ಆಗಲೇ ನಂಬಿಕೆ ಬರುದು. ಹಾಗಂತ ಇದು ಮಲೇರಿಯಾಕ್ಕೆ ಮದ್ದಲ್ಲ, ಅದ್ರಲ್ಲಿ ಇರುದು ತೀರಾ ಕಮ್ಮಿ, ಇದನ್ನು ಡಾಕ್ಟರ್ ಮೈಕಲ್ಲಿ ಎರಡು ಸಲ ಹೇಳಿದ್ರು. ಆ ದಿನ ಜಿನ್ ಮತ್ತು ಟಾನಿಕ್ ಸ್ಟಾಕ್ ಖಾಲಿ, ಬಾರಿನ ಹುಡುಗ ಪೇಟೆಗೆ ಓಡಿ ಟಾನಿಕ್ ತಂದ.

ಮೂರ್ತೆದಾರರ ಮಾತಿನ ದಿನ ಕಲಿ (ಕಳ್ಳು) ಕೊಡ್ಬೇಕು ಅಂತ ಎಲ್ಲರಿಗೂ ಆಸೆ. ಕೊಡ್ಲಿಲ್ಲ, ಅದ್ರ ಲೈಸೆನ್ಸೇ ಬೇರೆ. ಮಡಕೆಗೆ ಸುಣ್ಣ ಬಳಿದ್ರೆ ಹುಳಿ ಬಾರದೆ ಸಿಹಿ ಉಳಿಯುದು ಹೇಗೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಐಸ್ ಪೆಟ್ಟಿಗೆ ಕಟ್ಟಿ ಕಲ್ಪರಸ, ಅಂದ್ರೆ ಹುಳಿ ಬಾರದ ತೆಂಗಿನ ರಸ, ಇಳಿಸುದು ಹೇಗೆ, ಎಲ್ಲ ಕೇಳಿ ಬಾಯಲ್ಲಿ ನೀರು ಬರಿಸ್ಕೊಂಡು ಬಿಯರ್ ಕುಡಿದ್ರು. ಹಂಚಿನವರ ಸಂಜೆ ಚಿಕ್ಕದ್ದು. 1865ರಲ್ಲಿ ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಸುರು ಮಾಡಿದ್ದು ಅಂತ ಒಂದೇ ವಾಕ್ಯ ಹೇಳಿ ಹಂಚನ್ನು ಬೆರಳ ಗಂಟಲ್ಲಿ ತಟ್ಟಿದ್ರು, ಸರಿ ಬೆಂದದ್ದು ಟಣ್ ಅಂತದೆ, ಬೇಯದ್ದು ಸತ್ತ ಶಬ್ದ. ಮಾತು ಅಲ್ಲಿಗೇ ಸಾಕಿತ್ತು.

ಚಿಲ್ಲರೆ ಸಂಗತಿ ಕೆಲವು. ಆಟಿಯಲ್ಲಿ ಆದಿತ್ಯವಾರ ಮುಟ್ಬೇಡಿ, ಪ್ರತಿ ಸಂಘದ್ದೂ ಆಟಿಡೊಂಜಿ ದಿನ (ಆಟಿಯ ಒಂದು ದಿನದ ಕಾರ್ಯಕ್ರಮ) ಇರ್ತದೆ, ಗುರುವಾರ ಶುಕ್ರವಾರ ಒಳ್ಳೇದು. ಸುರತ್ಕಲ್ ಕಡೆಯ, ದೇರಳಕಟ್ಟೆ ಕಡೆಯ ಸ್ಟೂಡೆಂಟ್ಸ್ ತುಂಬ ಬರ್ತಾರೆ, 21 ಆಗದವರಿಗೆ ಬೇರೆ ಬಣ್ಣದ ಕೂಪನ್, ಬಾಗಿಲಲ್ಲೇ ಐಡಿ ನೋಡಿ. ಎಂಟೂವರೆಗೆ ಮುಗಿಸುದು ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಂದ ಹೊರಡುವ ಸಿಟಿ ಬಸ್ಸಿಗಾಗಿ. ಗಾಡಿ ತಂದವರ ಕೀ ನಾವು ಕೇಳುದಿಲ್ಲ, ಆದ್ರೆ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಅನ್ನುವ ಲಿಮಿಟ್ ಒಂದು ಬಿಯರಿಗೇ ದಾಟುವವರಿದ್ದಾರೆ ಅಂತ ಪ್ರತಿ ಸಲ ಹೇಳ್ತೇವೆ, ಗುರ್ತದ ನಾಲ್ಕೈದು ಆಟೋದವರನ್ನು ಕೆಳಗೆ ನಿಲ್ಲಿಸ್ತೇವೆ, ಮಳೆಗೆ ಅವರಿಗೂ ಬಾಡಿಗೆ ಆಯ್ತು. ಕೊಡೆ ಇಡ್ಲಿಕ್ಕೆ ಎರಡು ದೊಡ್ಡ ಡ್ರಮ್ ಬೇಕು, ಇದನ್ನು ಸಣ್ಣ ವಿಷಯ ಅಂದ್ಕೊಳ್ಬೇಡಿ, ನೆಲ ಒದ್ದೆಯಾಗಿ ಜಾರಿದ್ರೆ ಮಾಲಕರು ಮರುದಿನವೇ ಬೇಡ ಅಂತಾರೆ.

ಶ್ರಾವಣ ಬಂದ ಮೇಲೆ ಅರ್ಧ ಜನ ಮೀನೂ ಇಲ್ಲ ಗ್ಲಾಸೂ ಇಲ್ಲ. ಆ ತಿಂಗಳು ಒಂದು ಸಂಜೆ ಪುನರ್ಪುಳಿ ಮತ್ತು ಮಜ್ಜಿಗೆಯಲ್ಲೇ ಮಾಡಿ ನೋಡಿದೆವು, ಟಿಕೆಟ್ 150. ಜನ ಬಂದ್ರು, ಪ್ರಶ್ನೆಯೂ ಬಂತು, ಬಾರಿನವರಿಗೆ ಮಾತ್ರ ಗಿಟ್ಟಲಿಲ್ಲ, ಹಾಗಾಗಿ ಮುಂದಿನ ವರ್ಷ ಆ ಒಂದನ್ನು ಹೋಟೆಲಿನ ಮಾಳಿಗೆಗೆ ಹಾಕ್ಬೇಕು. ಡಬ್ಬಿಯಲ್ಲಿ ಈಗ ಹನ್ನೆರಡು ಸಾವಿರದ ಹತ್ರ ಉಂಟು, ಚಳಿಗಾಲದಲ್ಲಿ ಕಳ್ಕೊಂಡದ್ರಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಗಿ ಬಂತು ಅಂತ ಹೇಳ್ಬಹುದು. ಬರುವ ಜೂನಲ್ಲಿ ಮಲ್ಪೆಯಲ್ಲೂ ಒಂದು ಇಡುವ ಅಂತ ಮಾತು ನಡೀತಾ ಉಂಟು, ಬಲೆ ನೇಯುವವರೊಬ್ಬರು ಒಪ್ಪಿದ್ದಾರೆ, ಬೋಟ್ ಇಂಜಿನ್ ರಿಪೇರಿಯವರು ಸಿಗ್ಬೇಕು. ಉಡುಪಿ ಕಡೆಯವರು ಯಾರಾದ್ರೂ ಜಾಗ ನೋಡಿಟ್ರೆ ಕೊಡೆಯ ಡ್ರಮ್ಮೂ ಯುವಿ ಟಾರ್ಚೂ ನಾನೇ ತರ್ತೇನೆ.