ಎಲ್ ನಿನೊ ವರ್ಷದಲ್ಲಿ ಯಾವ ರಾಗಿ ಬಿತ್ತಬೇಕು?

ಎಲ್ ನಿನೊ ಬರುತ್ತಿದೆ, ಈ ಸಲ ಮಳೆ ಕಡಿಮೆ ಎಂದು ಟಿವಿಯಲ್ಲಿ ಹೇಳಿದ ಕೂಡಲೇ ಚಿಂತಾಮಣಿ ಕಡೆಯ ನಮ್ಮ ಹಳ್ಳಿಗಳಲ್ಲಿ ಆತಂಕ ಶುರುವಾಗುತ್ತದೆ. ನನ್ನ ಪ್ರಶ್ನೆ ಒಂದೇ: ಯಾವ ಮಳೆ ಕಡಿಮೆ? ನಾವಿರುವುದು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ. ಜೂನ್, ಜುಲೈನಲ್ಲಿ ನಮಗೆ ಗಾಳಿಯೇ ಹೆಚ್ಚು. ವರ್ಷದ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಮುಂಗಾರಿನ ಕೊನೆಯೂ ಹಿಂಗಾರಿನ ಆರಂಭವೂ ಸೇರುವ ಆ ಎರಡು ತಿಂಗಳೇ ನಮ್ಮ ರಾಗಿಯ ಕಾಳು ಕಟ್ಟಿಸುವುದು. ಹಾಗಾಗಿ ಸಮುದ್ರದ ಸುದ್ದಿಯನ್ನು ನಾನು ಓದುವುದು ಎಷ್ಟು ದಿನದ ರಾಗಿ ಬಿತ್ತಲಿ ಎಂದು ತೀರ್ಮಾನಿಸುವುದಕ್ಕೆ.

ಪೆಸಿಫಿಕ್ ಸಾಗರದ ನಡುವೆ ಮತ್ತು ಪೂರ್ವಕ್ಕೆ, ಸಮಭಾಜಕ ವೃತ್ತದ ಆಸುಪಾಸಿನ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಎಲ್ ನಿನೊ. ಅಷ್ಟೇ ತಣ್ಣಗಾದರೆ ಲಾ ನಿನಾ. ಬಿಸಿನೀರು ಪೂರ್ವಕ್ಕೆ ಸರಿದಾಗ ಗಾಳಿ ಮೇಲೇಳುವ ಜಾಗವೂ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿಯತೊಡಗಿ ಮೋಡ ಕಟ್ಟುವುದು ಕಡಿಮೆಯಾಗುತ್ತದೆ. ಅಜ್ಜಂದಿರ ಕಾಲದಿಂದ ಕೇಳಿಕೊಂಡು ಬಂದ ಧಾತು–ಈಶ್ವರ ಬರದ ಹಿಂದೆಯೂ, ಅಂದರೆ 1876–78ರಲ್ಲಿ, ಒಂದು ಭಾರಿ ಎಲ್ ನಿನೊ ಇತ್ತು. ಇದನ್ನು ತಿಳಿದಾಗಿನಿಂದ ದೂರದ ಆ ಕಡಲು ನನಗೆ ದೂರದ್ದು ಎನಿಸಿಲ್ಲ.

ಯುಗಾದಿಯ ಹೊತ್ತಿಗೆ ಬರುವ ಭವಿಷ್ಯ ನಂಬಿ ನಾನು ಬೀಜ ಕೊಳ್ಳುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಪೆಸಿಫಿಕ್ ಯಾವ ಕಡೆ ಹೊರಳುತ್ತದೆಂದು ಹೇಳುವುದು ವಿಜ್ಞಾನಿಗಳಿಗೂ ಕಷ್ಟ. ಹವಾಮಾನ ಇಲಾಖೆ ಏಪ್ರಿಲ್‌ನ ಅಂದಾಜನ್ನು ಮೇ ಕೊನೆಯಲ್ಲಿ ಪರಿಷ್ಕರಿಸುತ್ತದೆ. ನಾನು ಕಾಯುವುದು ಅದಕ್ಕೆ. ಲಾ ನಿನಾ ಅಥವಾ ತಟಸ್ಥ ಸ್ಥಿತಿ ಎಂದಾದರೆ ಎಂ.ಆರ್.-6ರಂಥ ನಾಲ್ಕು ತಿಂಗಳ ತಳಿಯನ್ನು ಜುಲೈ ಹೊತ್ತಿಗೆ ಬಿತ್ತಿ, ರಾಗಿಯ ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ, ಅವರೆ ಹಾಕುತ್ತೇನೆ. ಎಲ್ ನಿನೊ ಬಲಿಯುತ್ತಿದ್ದರೆ ದೀರ್ಘಾವಧಿ ತಳಿಯನ್ನು ಮುಟ್ಟುವುದಿಲ್ಲ. ಬೇಗ ಬಿತ್ತಿದ ಪೈರು ಆಗಸ್ಟ್‌ನ ಒಣಗಾಳಿಗೆ ಸಿಕ್ಕಿ ತೆಂಡೆ (ಬುಡದ ಕವಲು) ಒಡೆಯದೆ ನಿಂತುಬಿಡುತ್ತದೆ. ಆಗಸ್ಟ್‌ನಲ್ಲಿ ಮಧ್ಯಮಾವಧಿ ತಳಿ ಜಿಪಿಯು-28 ಬಿತ್ತಿದರೆ ಅದು ಹಿಂಗಾರಿನ ಆಸರೆಗೆ ಬರುತ್ತದೆ. ಇನ್ನೂ ತಡವಾದರೆ ಸುಮಾರು ನೂರು ದಿನದ ಜಿಪಿಯು-48.

ಹಿಂಗಾರಿನ ಮೇಲೆ ಈ ಭರವಸೆ ಏಕೆಂದರೆ, ಮುಂಗಾರನ್ನು ಸೊರಗಿಸುವ ಅದೇ ಎಲ್ ನಿನೊ ದಕ್ಷಿಣದಲ್ಲಿ ಹಿಂಗಾರಿಗೆ ಬಹಳ ಸಲ ಬಲ ಕೊಡುತ್ತದೆ. 2015ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇ 86ಕ್ಕೆ ಇಳಿದಿತ್ತು. ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಜಡಿಮಳೆ. ಹಿಂದೂ ಮಹಾಸಾಗರವೂ ಮಾತು ಬದಲಿಸಬಲ್ಲದು. ಆಫ್ರಿಕಾ ಕಡೆಯ ನೀರು ಬಿಸಿಯಾಗಿ ಸುಮಾತ್ರಾ ಕಡೆಯದು ತಣ್ಣಗಾದರೆ ನಮಗೆ ಅನುಕೂಲ. 1997ರಲ್ಲಿ ಹಾಗೇ ಆಗಿ, ಪ್ರಬಲ ಎಲ್ ನಿನೊ ಇದ್ದೂ ದೇಶದ ಮುಂಗಾರು ವಾಡಿಕೆಗೆ ಕುಂದಲಿಲ್ಲ. ಆದರೆ 2023ರಲ್ಲಿ ಎಲ್ ನಿನೊ, ಹಿಂದೂ ಮಹಾಸಾಗರದ ಈ ಅನುಕೂಲ ಎರಡೂ ಜೊತೆಗಿದ್ದರೂ ಉಪಯೋಗವಾಗಲಿಲ್ಲ. ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಯಿತು, ಅಕ್ಟೋಬರ್ ಕೂಡ ಕೈಕೊಟ್ಟಿತು. ಆ ವರ್ಷ ಒಂದಿಷ್ಟು ನೆಲವನ್ನು ಹುರುಳಿಗೆ ಬಿಟ್ಟಿದ್ದರಿಂದ ದನಗಳಿಗಾದರೂ ಮೇವಾಯಿತು. ಅಂದಿನಿಂದ ಪ್ರತಿ ಎಲ್ ನಿನೊ ವರ್ಷಕ್ಕೂ ಹುರುಳಿ ಬೀಜ ಮೊದಲೇ ತೆಗೆದಿಡುತ್ತೇನೆ.

ತಳಿ ಯಾವುದೆಂದು ಕಡಲು ಹೇಳಬಹುದು, ಬಿತ್ತುವ ದಿನವನ್ನು ಹೇಳುವುದು ಮಣ್ಣು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಬರೆದಿಟ್ಟು, ಗುದ್ದಲಿ ಹಿಡಿದು ಹೊಲಕ್ಕೆ ಹೋಗುತ್ತೇನೆ. ಒಂದು ಗೇಣು ಅಗೆದು ನೋಡಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಸಂಜೆ ಒಂದೇ ಗಳಿಗೆಯಲ್ಲಿ ಸುರಿದ 20 ಮಿಲಿಮೀಟರ್ ಬದುವಿನ ಕಡೆಗೆ ಹರಿದು ಹೋಗಿರುತ್ತದೆ. ಮೇಲೆ ಕೆಸರು, ನಾಲ್ಕು ಬೆರಳು ಕೆಳಗೆ ಒಣ ಧೂಳು. ಅಷ್ಟೇ ಮಳೆ ರಾತ್ರಿಯಿಡೀ ಜಿಮುರಿದ್ದರೆ ಮೇಲಿನ ಹಸಿ ಕೆಳಗಿನ ಹಸಿಯನ್ನು ಕೂಡಿರುತ್ತದೆ, ಹಿಡಿ ಮಣ್ಣು ಒತ್ತಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಬಿಡಿಯಾಗುತ್ತದೆ. ಕೂರಿಗೆ ಹೂಡುವುದು ಆ ಹದಕ್ಕೇ.

ಕೊಯ್ಲಿನ ಹೊತ್ತಿಗೆ ಪೆಸಿಫಿಕ್ ಸುದ್ದಿ ಕೆಲಸಕ್ಕೆ ಬರುವುದಿಲ್ಲ. 2021ರಲ್ಲಿ ಲಾ ನಿನಾ ಇತ್ತು. ಲೆಕ್ಕದ ಪ್ರಕಾರ ಹಿಂಗಾರು ಸಪ್ಪೆಯಾಗಬೇಕಿತ್ತು. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತವಾಗಿ ನವೆಂಬರ್ ಪೂರ್ತಿ ಸುರಿಯಿತು, ತೆನೆಯಲ್ಲೇ ರಾಗಿ ಮೊಳೆಯಿತು. ನವೆಂಬರ್‌ನಲ್ಲಿ ನಾನು ನೋಡುವುದು ಕೊಲ್ಲಿಯನ್ನು ಮಾತ್ರ. ಕೊಯ್ಲಿಗೆ ಆಳುಗಳನ್ನು ಕರೆಯುವ ಮುಂಚೆ ರಾಜ್ಯದ ಹವಾಮಾನ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡುತ್ತೇನೆ. ಕೊಯ್ದ ರಾಗಿಗೆ ಕೆಲವು ದಿನ ಬಿಸಿಲು ಬೇಕೇ ಬೇಕು, ಹಸಿಯಾಗಿ ಮೆದೆ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಕೊಲ್ಲಿಯಲ್ಲಿ ಕುಸಿತ ಎದ್ದಿದೆ ಎಂದರೆ ಬಲಿತ ಪೈರನ್ನೂ ಕೊಯ್ಯದೆ ನಿಲ್ಲಿಸುತ್ತೇನೆ. ನೆಲಕ್ಕೆ ಬಿದ್ದ ಕಂತೆಗಿಂತ ನಿಂತ ತೆನೆ ಮಳೆಯನ್ನು ಚೆನ್ನಾಗಿ ತಡೆಯುತ್ತದೆ.